ಪಟ್ಟಿಯಲ್ಲಿಲ್ಲದ ಉಪ್ಪು

ಮದ್ದೂರು, ಮಳವಳ್ಳಿಯ ತಂಗಿಯರೇ, ನಿಮ್ಮ ಕೈಗೇನು ಹಾವು ಕಚ್ಚಿತ್ತೆ? ಎರಡು ಕಾಗದ ಹಾಕಿದರೂ ಒಂದಕ್ಕೂ ಜವಾಬಿಲ್ಲ. ಇರಲಿ, ಇವತ್ತು ಬೆಳಿಗ್ಗೆ ನಮ್ಮ ಗುತ್ತಲಿನ ಮನೆಯಲ್ಲಿ ನಡೆದದ್ದು ಕೇಳಿ.

ನನ್ನ ಓರಗಿತ್ತಿ ನಿಂಗಮ್ಮಕ್ಕ ಹೋದ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅಂದಿನಿಂದ ಅಕ್ಕನ ಸೊಸೆ ಅವಳನ್ನು ಒಲೆಯ ಹತ್ತಿರ ಬಿಟ್ಟಿಲ್ಲ. ಟೀಚರ್ ಟ್ರೈನಿಂಗ್ ಓದುವ ನನ್ನ ಮೊಮ್ಮಗಳು ಜಯ, ದೊಡ್ಡಜ್ಜಿಯ ನೆನಪು ಪರೀಕ್ಷಿಸುತ್ತೇನೆಂದು ಹನ್ನೆರಡು ಪದ ಓದಿದಳು. ನೊಗ, ಬೆಳ್ಳುಳ್ಳಿ, ತೊಟ್ಟಿಲು, ಹುಣಸೆ, ಹಗ್ಗ, ಹೀಗೆ ಕಲಸುಮೇಲೋಗರ. ಅಕ್ಕ ಮೂರನ್ನಷ್ಟೇ ತಿರುಗಿ ಹೇಳಿ, "ನನ್ ಬುದ್ದಿ ಓಗ್ಬುಡ್ತು ಕಣವ್ವ" ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ನನಗೆ ರೇಗಿತು. "ಅದೇನ್ ಪಟ್ಟಿನೇ, ಸಂತೆ ಚೀಲ ಅರ್ದು ಚೆಲ್ದಂಗೆ? ಇತ್ತ ಕೊಡು" ಎಂದು ಕಿತ್ತುಕೊಂಡೆ. ಅವೇ ಪದಗಳನ್ನು ಹೊಲಕ್ಕೆ ಹೋಗುವವು, ಬಾಣಂತಿಗೆ ಬೇಕಾದವು, ಬಸ್ಸಾರಿಗೆ ಬೀಳುವವು ಎಂದು ಮೂರು ಪಾಲು ಮಾಡಿ ಓದಿದೆ. ಅಕ್ಕ ಕಣ್ಣು ಮುಚ್ಚಿ ಹನ್ನೆರಡನ್ನೂ ಹೇಳಿದಳು. ಕೊನೆಗೆ "ಉಪ್ಪು" ಎಂದೂ ಸೇರಿಸಿದಳು.

"ಉಪ್ಪು ಪಟ್ಟೀಲೇ ಇಲ್ಲ ದೊಡ್ಡಜ್ಜಿ" ಎಂದಳು ಜಯ.

"ಉಪ್ಪಿಲ್ದೆ ಅದ್ಯಾವ್ ಬಸ್ಸಾರ್ ಮಾಡೀಯೇ ನೀನು?" ಎಂದಳು ಅಕ್ಕ.

ಬಾಗಿಲಲ್ಲಿ ನಿಂತಿದ್ದ ಸೊಸೆ ನಕ್ಕುಬಿಟ್ಟಳು. "ಬನ್ನಿ ಅತ್ತೆ, ಇವತ್ತು ಉಪ್ಪು ನೀವೇ ಆಕಿ" ಎಂದು ಸೌಟು ಕೈಗೆ ಕೊಟ್ಟಳು.

ಮಧ್ಯಾಹ್ನದ ಸಾರಿನಲ್ಲಿ ಉಪ್ಪು ತುಸು ಮುಂದಾಗಿತ್ತು. ಇಲ್ಲಿ ಯಾರೂ ಬಾಯಿ ಬಿಡಲಿಲ್ಲ, ನೀವೂ ಬಿಡಬೇಡಿ.

ಮುಂದಿನ ತಿಂಗಳು ಹುಟ್ಟುವುದರೊಳಗೆ ಜವಾಬು ಬರೆಯಿರಿ. ಮಕ್ಕಳ ಹೆಸರುಗಳನ್ನು ಒಂದೊಂದು ಮನೆಯವು ಒಟ್ಟಿಗೆ ಬರುವಂತೆ ಬರೆಯಿರಿ, ಅಕ್ಕನಿಗೆ ಓದಿ ಹೇಳಬೇಕು.