ಸೊನೆಯ ಕೈ, ತೊಟ್ಟಿಲ ಕೋಣೆ

ಅರವತ್ತರ ದಶಕದ ಆರಂಭ. ಎಸ್ಸೆಸ್ಸೆಲ್ಸಿ ಪಾಸಾದ ಗರ್ವ ಇನ್ನೂ ನೆತ್ತಿಯಿಂದ ಇಳಿದಿರಲಿಲ್ಲ. ಆಗ ಮಂಗಳೂರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಕಚೇರಿಯಲ್ಲಿ ಲೆಕ್ಕ ಬರೆಯುವ ರೈಟರ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಾರೆ ಎಂದುಕೊಂಡಿದ್ದೆ. ಅವರು ಕಳುಹಿಸಿದ್ದು ಹಿಂಬದಿಯ ತೊಟ್ಟಿಲ ಕೋಣೆಗೆ. ಬೀಜ ಒಡೆಯುವ ಹೆಂಗಸರ ಕೈಗೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವ ಜಾಗ ಅದು. ಹೆಂಗಸರು ಹೆಚ್ಚಿರುವ ಕಾರ್ಖಾನೆಯಲ್ಲಿ ಅಂಥದೊಂದು ಕೋಣೆ ಇರಲೇಬೇಕೆಂದು ಕಾನೂನು ಇತ್ತಂತೆ. ಜಂತಿಗೆ ಹಳೆ ಸೀರೆ ಕಟ್ಟಿ ಮಾಡಿದ ಹನ್ನೆರಡು ತೊಟ್ಟಿಲು, ಒಂದು ಒಲೆ, ಒಂದು ಹಂಡೆ, ಒಂದು ಬೀರು. ಮೊದಲ ದಿನವೇ ಮೂರು ಮಕ್ಕಳು ನನ್ನ ಹೊಸ ಸೀರೆಯನ್ನು ಒದ್ದೆ ಮಾಡಿ ಸ್ವಾಗತ ಕೋರಿದವು.

ಆ ಕೋಣೆಯ ಯಜಮಾನಿಕೆ ಇದ್ದದ್ದು ಒಬ್ಬ ನಿವೃತ್ತ ನರ್ಸ್ ಕೈಯಲ್ಲಿ. ಬಿಜೈ ಕಡೆಯ ಕೊಂಕಣಿ ಕ್ರೈಸ್ತರ ಮನೆಯವರು. ನಾವೆಲ್ಲ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಹೆಂಗಸರೊಡನೆ ತುಳು, ತನ್ನ ದೇವರೊಡನೆ ಕೊಂಕಣಿ, ನಾನು ನಾಲ್ಕಕ್ಷರ ಕಲಿತವಳೆಂದು ನನ್ನೊಡನೆ ಮಾತ್ರ ಕನ್ನಡ. ಆ ಗೌರವ ಬಿಟ್ಟರೆ ಬೇರೆ ಯಾವ ರಿಯಾಯಿತಿಯೂ ಇರಲಿಲ್ಲ.

ಅವರ ನಿಯಮಗಳು ಒಂದೆರಡಲ್ಲ. ನೀರು ಕೊತಕೊತ ಕುದಿಯಬೇಕು, ಬೆಚ್ಚಗಾದರೆ ಸಾಲದು. ಒಂದು ಮಗುವಿನ ಲೋಟಕ್ಕೆ ಇನ್ನೊಂದರ ತುಟಿ ತಾಗಬಾರದು. ತೊಟ್ಟಿಲಲ್ಲಿ ಮಲಗುವಾಗ ಕೊರಳಲ್ಲಿ ಕಪ್ಪು ದಾರವಾಗಲಿ ತಾಯಿತವಾಗಲಿ ಇರಕೂಡದು, ಕುತ್ತಿಗೆಗೆ ಸುತ್ತಿಕೊಂಡೀತು. ತಾಯಿತ ಬಿಚ್ಚಲು ಹೆಂಗಸರು ಸುತರಾಂ ಒಪ್ಪಲಿಲ್ಲ. ಬಾಯಮ್ಮ ಜಗಳಕ್ಕೇ ಹೋಗಲಿಲ್ಲ. ಮಗುವಿನ ಸೊಂಟಕ್ಕೆ ಕಟ್ಟಿ, ದೇವರಿಗೆ ಸೊಂಟವೂ ಕಾಣ್ತದೆ ಎಂದುಬಿಟ್ಟರು. ಕೆಮ್ಮಿದ ಮಗುವನ್ನು ಬೇರೆ ಮೂಲೆಯಲ್ಲಿ ಮಲಗಿಸಬೇಕು. ನನ್ನ ಉಗುರನ್ನು ಪ್ರತಿ ಸೋಮವಾರ ಶಾಲೆಯ ಮಗುವಿನದ್ದನ್ನು ನೋಡುವ ಹಾಗೆ ನೋಡುತ್ತಿದ್ದರು. ಈ ಬಾಯಮ್ಮನಿಗೆ ಗಾಳಿಯನ್ನೂ ಕುದಿಸಿ ಆರಿಸಿ ಕೊಡಬೇಕು ಎಂದು ನಾನು ಮನೆಯಲ್ಲಿ ಅಮ್ಮನ ಮುಂದೆ ಆಡಿಕೊಂಡು ನಗುತ್ತಿದ್ದೆ. ಅಮ್ಮ ಬೀಡಿ ಕಟ್ಟುತ್ತಲೇ, ಕೆಲಸ ಕೊಟ್ಟವರನ್ನು ನೋಡಿ ನಗಬೇಡ ಎನ್ನುತ್ತಿದ್ದಳು. ಅಪ್ಪ ಹೋದ ಮೇಲೆ ನಮ್ಮ ಮನೆ ನಿಂತದ್ದು ಅವಳ ಬೆರಳು ಮತ್ತು ನನ್ನ ಈ ಕೆಲಸದ ಮೇಲೆ.

ಎಲ್ಲಕ್ಕಿಂತ ಕಟ್ಟುನಿಟ್ಟಿನ ನಿಯಮ ಸೊನೆಯದ್ದು. ಗೇರುಬೀಜದ ಸಿಪ್ಪೆಯಲ್ಲಿ ಒಂದು ಕಪ್ಪು ಸೊನೆ ಉಂಟು. ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಅದಕ್ಕೇ ಹೆಂಗಸರು ಕೈಗೆ ಎಣ್ಣೆ ಮತ್ತು ಬೂದಿ ಬಳಿದುಕೊಂಡು ಬೀಜ ಒಡೆಯುತ್ತಿದ್ದರು. ಆದರೂ ಅವರ ಬೆರಳುಗಳು ಇದ್ದಿಲಿನಷ್ಟು ಕಪ್ಪು. ಹಾಲೂಡಿಸಲು ಬರುವ ತಾಯಿ ಬಾಗಿಲಲ್ಲಿ ನಿಂತು, ಮೊದಲು ತೆಂಗಿನೆಣ್ಣೆಯಲ್ಲಿ ಕೈ ಉಜ್ಜಬೇಕು, ಆಮೇಲೆ ಸಾಬೂನು, ಆಮೇಲೆ ನೀರು. ಬರೀ ನೀರಿಗೆ ಸೊನೆ ಬಿಡುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಬೀರುವಿನಿಂದ ನಾನು ಒಂದು ಒಗೆದ ಬಿಳಿ ಬಟ್ಟೆ ತೆಗೆದು ಕೊಡಬೇಕು. ಅವಳು ಅದನ್ನು ಹೆಗಲಿನಿಂದ ಮಡಿಲವರೆಗೆ ಹೊದ್ದುಕೊಂಡ ಮೇಲೆಯೇ ಮಗು ಅವಳ ಕೈಗೆ.

ಕೈ ತೊಳೆದ ಮೇಲೆ ಬಟ್ಟೆ ಎಂತಕ್ಕೆ ಎಂದು ನಾನೊಮ್ಮೆ ಕೇಳಿದ್ದೆ. ಬೀಜ ಒಡೆಯುವಾಗ ಕೈ ಒರೆಸಿಕೊಳ್ಳುವುದು ಯಾವುದಕ್ಕೆ ಎಂದು ಅವರು ತಿರುಗಿ ಕೇಳಿದರು. ಸೆರಗಿಗೆ. ಮಗುವಿನ ಬಾಯಿ ಒರೆಸುವುದು ಯಾವುದರಿಂದ? ಅದೂ ಸೆರಗಿನಿಂದಲೇ. ನನಗೆ ಅರ್ಥವಾಯಿತು. ಅರ್ಥವಾಗುವುದು ಬೇರೆ, ಪಾಲಿಸುವುದು ಬೇರೆ ಎಂಬುದು ಆಮೇಲೆ ತಿಳಿಯಿತು.

ಬಿಕರ್ನಕಟ್ಟೆ ಕಡೆಯಿಂದ ಬರುತ್ತಿದ್ದ ಒಬ್ಬಳು ತಾಯಿ ಇದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಎರಡು ಮಕ್ಕಳನ್ನು ಕಳೆದುಕೊಂಡ ಮೇಲೆ ಹುಟ್ಟಿದ ಎಂಟು ತಿಂಗಳ ಹೆಣ್ಣು ಕೂಸು ಅವಳದ್ದು. ಹಾಲೂಡಿಸುವಾಗಲೂ ಅದರ ಕಾಲ್ಬೆರಳು ಎಣಿಸುತ್ತಿದ್ದಳು, ಯಾರೋ ಒಂದನ್ನು ಕದ್ದೊಯ್ದಾರು ಎಂಬ ಹಾಗೆ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಒಂದು ಸಂಜೆ ನೆರೆಮನೆಯವಳು ಪಿಕ್ಚರಿಗೆ ಕರೆದಳು. ಬಿಳಿ ಬಟ್ಟೆಗಳನ್ನು ಬಕೆಟಿನಲ್ಲಿ ನೆನೆಹಾಕಿ, ನಾಳೆ ಒಗೆದರಾಯಿತು ಎಂದು ಹೋದೆ. ಮರುದಿನ ಬೆಳಗ್ಗೆ ಅವು ಮುಗ್ಗಲು ವಾಸನೆ ಹೊಡೆಯುತ್ತಿದ್ದವು. ಒಗೆದೆ. ಆದರೆ ಆ ಮಳೆಯಲ್ಲಿ ಒಣಗುವುದೆಲ್ಲಿ? ಬಾಯಮ್ಮ ಔಷಧ ತರಲು ಪೇಟೆಗೆ ಹೋಗಿದ್ದರು. ಮಧ್ಯಾಹ್ನ ತಾಯಂದಿರು ಬಂದಾಗ, ಇವತ್ತೊಂದು ದಿನ ಬಟ್ಟೆ ಇಲ್ಲ, ಕೈ ಚೆನ್ನಾಗಿ ತೊಳೆಯಿರಿ ಸಾಕು ಎಂದೆ. ಅವರಿಗೂ ಅದೇ ಬೇಕಿತ್ತು. ಆ ಅಕ್ಕ ಕೈಯನ್ನು ಎಣ್ಣೆ ಹಾಕಿ ಉಜ್ಜಿಯೇ ತೊಳೆದಳು. ಹಾಲೂಡಿಸಿದಳು. ಎದ್ದು ಹೋಗುವ ಮುಂಚೆ ಮಗುವಿನ ಕಟವಾಯಿಯಿಂದ ಇಳಿದ ಹಾಲನ್ನು, ಕಣ್ಣಂಚಿನ ನೀರನ್ನು ಸೆರಗಿನ ತುದಿಯಿಂದ ಒರೆಸಿ ಮುತ್ತು ಕೊಟ್ಟಳು. ನಾನು ಎರಡು ಮಾರು ದೂರದಲ್ಲಿ ನಿಂತು ನೋಡುತ್ತಿದ್ದೆ. ಬೇಡ ಎನ್ನಲು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಇನ್ನೊಂದು ಮಗು ಅತ್ತಿತು, ನಾನು ಅತ್ತ ತಿರುಗಿದೆ.

ಮರುದಿನ ಆ ತಾಯಿ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳ ನೆರೆಯವಳು ಸುದ್ದಿ ತಂದಳು: ಮಗುವಿನ ಮುಖದಲ್ಲಿ ಬೊಕ್ಕೆ ಎದ್ದಿದೆ, ಒಂದು ಕಣ್ಣು ಮುಚ್ಚಿಹೋಗಿದೆ, ಮೈ ಬಿಸಿ ಉಂಟು, ಅಮ್ಮ ಬಂದಿದ್ದಾಳೆ. ಸಿಡುಬನ್ನು ಅಮ್ಮ ಎಂದು ಕರೆದು ಕೈಮುಗಿಯುತ್ತಿದ್ದ ಕಾಲ ಅದು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಇಲ್ಲ, ಮೈಗೆ ಎಣ್ಣೆ ಇಲ್ಲ, ಡಾಕ್ಟರ ಮದ್ದಂತೂ ಇಲ್ಲವೇ ಇಲ್ಲ. ಬೇವಿನ ಸೊಪ್ಪಿನಲ್ಲಿ ಮಲಗಿಸಿ, ಬಂದವಳು ತಾನಾಗಿ ಹೋಗಲಿ ಎಂದು ಕಾಯುವುದು.

ಮಧ್ಯಾಹ್ನದೊಳಗೆ ಸುದ್ದಿ ಕಾರ್ಖಾನೆಯೆಲ್ಲ ಹರಡಿತು. ಇಬ್ಬರು ತಾಯಂದಿರು ಮಕ್ಕಳನ್ನು ತೊಟ್ಟಿಲಿನಿಂದ ಎತ್ತಿಕೊಂಡು ಹೋಗಿ, ಬೀಜ ಒಡೆಯುವ ಜಾಗದಲ್ಲೇ ಸಿಪ್ಪೆಯ ರಾಶಿಯ ಪಕ್ಕ ಗೋಣಿ ಹಾಸಿ ಮಲಗಿಸಿದರು. ಮೆನೇಜರು ಬಂದು, ನಾಳೆಯಿಂದ ಕೋಣೆಗೆ ಬೀಗ ಎಂದರು.

ಅದು ಅಮ್ಮನೇ ಆಗಿರಲಿ ಎಂದು ನಾನು ಬೇಡಿಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಎಂಟು ತಿಂಗಳ ಕೂಸಿಗೆ ಸಿಡುಬು ಬಂದಿರಲಿ ಎಂದು ಬೇಡಿಕೊಂಡವಳು ನಾನು. ದೇವರು ಮಾಡಿದ್ದಾದರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಒರೆಸಿದ ಆ ಸೆರಗು ಕಣ್ಣೆದುರಿನಿಂದ ಹೋಗಲೊಲ್ಲದು. ಬಾಯಮ್ಮ ಹಂಡೆಯ ನೀರು ಬಸಿಯುತ್ತಿದ್ದರು. ಹೋಗಿ ಎಲ್ಲ ಹೇಳಿದೆ, ಪಿಕ್ಚರಿನಿಂದ ಹಿಡಿದು.

ಬೈಯುತ್ತಾರೆಂದು ತಲೆತಗ್ಗಿಸಿ ಕಾದೆ. ಅವರು ಒಂದೇ ಪ್ರಶ್ನೆ ಕೇಳಿದರು, ಅವಳು ಒರೆಸಿದ್ದು ಯಾವ ಕಣ್ಣು ಎಂದು. ಎಡದ್ದು ಎಂದೆ. ಬೀರುವಿನಿಂದ ಹತ್ತಿ, ಆರಿಸಿದ ನೀರು, ತೆಂಗಿನೆಣ್ಣೆಯ ಕುಪ್ಪಿ ತೆಗೆದು ಚೀಲಕ್ಕೆ ಹಾಕಿಕೊಂಡು ಕೊಡೆ ಬಿಚ್ಚಿದರು. ನನಗೂ ಬಾ ಎಂದರು.

ಆ ಮನೆಯ ಬಾಗಿಲಿಗೆ ಬೇವಿನ ಗೊಂಚಲು ತೂಗುತ್ತಿತ್ತು. ಬಾಯಮ್ಮ ಅಂಗಳದಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು. ತಮ್ಮ ಕೊರಳಲ್ಲಿ ಶಿಲುಬೆ ಇದ್ದದ್ದು ಅದಕ್ಕೆ ಅಡ್ಡ ಬರಲಿಲ್ಲ. ಜಗಲಿಯ ಬೆಳಕಿಗೆ ಮಗುವನ್ನು ತರಲು ಹೇಳಿದರು. ನನಗೆ ಕಂಡದ್ದು ಊತವೊಂದೇ. ಎಡಗೆನ್ನೆ ಕೆಂಪಗೆ ಊದಿ, ರೆಪ್ಪೆ ಹಲಸಿನ ಬೀಜದಷ್ಟು ದಪ್ಪವಾಗಿತ್ತು. ಆದರೆ ಬಾಯಮ್ಮ ನೋಡಿದ್ದು ಬೇರೆ. ಬಲಗೆನ್ನೆ ನುಣ್ಣಗಿತ್ತು. ಅಂಗೈ, ಅಂಗಾಲು, ಎದೆ, ಎಲ್ಲ ಸ್ವಚ್ಛ. ಬೊಕ್ಕೆಗಳು ಕಟವಾಯಿಯಿಂದ ಹೊರಟು ಕಣ್ಣಂಚಿನವರೆಗೆ ಒಂದೇ ಗೆರೆಯಲ್ಲಿದ್ದವು, ಒರೆಸಿದ ಗೆರೆಯಲ್ಲಿ.

ಅವರು ಎಣ್ಣೆಯ ಕುಪ್ಪಿ ತೆಗೆದದ್ದೇ ತಡ, ಒಳಗಿನಿಂದ ಆ ಅಕ್ಕನ ಅತ್ತೆ ಬಂದು ಕೈ ಅಡ್ಡ ಹಿಡಿದಳು.

"ಅಮ್ಮ ಬಂದ ಮೈಗೆ ಎಣ್ಣೆಯಾ ಬಾಯಮ್ಮ? ಮಗು ಉಳಿಯುವುದು ಬೇಡವಾ ನಿಮಗೆ?"

ಅವಳ ತಪ್ಪೇನೂ ಇರಲಿಲ್ಲ. ಎರಡು ಮಕ್ಕಳನ್ನು ಮಣ್ಣು ಮಾಡಿದ ಮನೆ ಅದು. ಸಿಡುಬೆಂದರೆ ಬಾಯಮ್ಮನಿಗಿದ್ದಂತೆ ಅತ್ತೆಗೂ ಅವಳದ್ದೇ ನಿಯಮ. ಆ ಮಗುವಿನ ಕಣ್ಣು ಉಳಿಯಬೇಕಾದರೆ ಎಣ್ಣೆ ಬೇಕು, ಆಸ್ಪತ್ರೆ ಬೇಕು. ಎರಡಕ್ಕೂ ಅದು ಅಮ್ಮ ಅಲ್ಲ ಎಂದು ಯಾರಾದರೂ ನಂಬಿಸಬೇಕು. ಬಾಯಮ್ಮ ತಾವೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನನ್ನ ಕಡೆ ನೋಡಿ, ಎಂದಿನ ಕನ್ನಡದಲ್ಲಿ ಮೆಲ್ಲಗೆ ಅಂದರು:

"ನಾನು ಹೇಳಿದರೆ ಅದು ನರ್ಸಿನ ಮಾತು ಆಗ್ತದೆ ಮಗಾ. ನೋಡಿದವಳು ನೀನು."

ನಾನು ಹೇಳಿದೆ. "ಅಕ್ಕ, ಇದು ಅಮ್ಮ ಅಲ್ಲ. ಸೊನೆ. ಮೊನ್ನೆ ನೀವು ಸೆರಗಿನಿಂದ ಮುಖ ಒರೆಸಿದ್ದನ್ನು ನಾನು ನೋಡಿದ್ದೆ. ನೀವು ಕೈ ತೊಳೆದೇ ಬಂದಿದ್ರಿ. ಬಟ್ಟೆ ಕೊಡಬೇಕಾದವಳು ನಾನು. ಒಗೆದಿರಲಿಲ್ಲ."

ಆ ತಾಯಿ ನನ್ನನ್ನು ಬೈಯಲಿಲ್ಲ. ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡು ಕಪ್ಪು ಕಲೆಗಳನ್ನು ನೋಡಿದಳು. ನೋಡುತ್ತಲೇ ಇದ್ದಳು. ಆ ನೋಟದ ಮುಂದೆ ಬೈಗುಳ ಎಷ್ಟೋ ವಾಸಿಯಿತ್ತು. ಆಮೇಲೆ ಮಗುವನ್ನು ಬಾಯಮ್ಮನ ಮಡಿಲಿಗೆ ಹಾಕಿ, ಅತ್ತೆಯ ಕೈಯನ್ನು ತಾನೇ ಹಿಡಿದುಕೊಂಡಳು.

ಬಾಯಮ್ಮ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಕೆನ್ನೆ ಒರೆಸಿದರು. ಕಣ್ಣಿಗೆ ಎಣ್ಣೆ ತಾಗಿಸದೆ ಆರಿದ ನೀರು ಬಿಟ್ಟರು. ಮಳೆಯಲ್ಲೇ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆವು. ಇನ್ನೆರಡು ದಿನ ತಡವಾಗಿದ್ದರೆ ಕಣ್ಣಿನ ಆಸೆ ಬಿಡಬೇಕಿತ್ತು ಎಂದರು ಡಾಕ್ಟರು. ಕಣ್ಣು ಉಳಿಯಿತು.

ಮೆನೇಜರ ಮುಂದೆ ಬಾಯಮ್ಮ, ಇದು ಸಿಡುಬಲ್ಲ, ಸೊನೆ, ತಪ್ಪು ನಮ್ಮ ಕೋಣೆಯದ್ದು ಎಂದಷ್ಟೇ ಹೇಳಿದರು. ಕೋಣೆಯಲ್ಲಿ ಯಾರದ್ದು ಎಂದು ಮೆನೇಜರು ಕೇಳಿದರು. ಕೋಣೆ ನನ್ನದು ಎಂದು ಇವರು ಉತ್ತರ ಕೊಟ್ಟರು. ಬೀಗ ಬೀಳಲಿಲ್ಲ. ನನ್ನ ಕೆಲಸವೂ ಹೋಗಲಿಲ್ಲ. ಅಂದಿನಿಂದ ಬಿಳಿ ಬಟ್ಟೆಗಳು ಎರಡು ಜೊತೆಯಾದವು, ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ಕ್ರಮ ಬಂತು. ಹೊಸ ನಿಯಮಕ್ಕೆ ನಾನು ನಗಲಿಲ್ಲ. ಬಾಯಮ್ಮನೆಂಬ ಆ ಮಹಾತಾಯಿ ನನ್ನ ಮೇಲೆ ಒಂದು ಮಾತೂ ಬೀಳಗೊಡಲಿಲ್ಲ. ಆದರೆ ನನ್ನ ಬಾಯಿಂದ ನಿಜ ಹೊರಡಿಸದೆಯೂ ಬಿಡಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಬಲ್ಲವರನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ. ಅವರನ್ನು ನೆನೆಯದೆ ನನಗೆ ದಿನ ಮುಗಿಯುವುದಿಲ್ಲ.

ಇಷ್ಟಾದರೂ ನನಗೆ ನೆಮ್ಮದಿ ಇರಲಿಲ್ಲ. ಆ ತಾಯಿ ಇನ್ನು ಮಗುವನ್ನು ನಮ್ಮ ಕೋಣೆಗೆ ಬಿಡುವುದಿಲ್ಲ ಎಂದೇ ಎಲ್ಲ ಹೆಂಗಸರ ಮಾತು. ಬಿಡಬೇಕಾದರೂ ಯಾಕೆ ಎಂದು ನನಗೇ ಅನಿಸುತ್ತಿತ್ತು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಬಾಗಿಲಲ್ಲಿ ಬಂದು ನಿಂತಳು. ಹೆಗಲ ಮೇಲೆ ಮಗು, ಎಡಗೆನ್ನೆಯಲ್ಲಿ ಹೊಸ ಚರ್ಮದ ತೆಳು ಗೆರೆ, ಎರಡು ಕಣ್ಣೂ ಅಗಲವಾಗಿ ತೆರೆದಿದ್ದವು. ಬಾಯಮ್ಮ ಮುಂದೆ ಬಂದು ಕೈಚಾಚಿದರು. ಅವಳು ಮಗುವನ್ನು ಕೊಡಲಿಲ್ಲ. ನಾನು ಒಲೆಯ ಬಳಿ ಬೆನ್ನು ತಿರುಗಿಸಿ ನಿಂತಿದ್ದೆ. ಅವಳು ಅಲ್ಲಿಯವರೆಗೆ ನಡೆದು ಬಂದಳು.

"ಅಮ್ಮ ಬಂದದ್ದು ಅಂತ ನಾವೇ ಹೇಳಿದ್ದೆವು. ನೀನು ಸುಮ್ಮನಿದ್ದಿದ್ದರೆ ಯಾರೂ ನಿನ್ನನ್ನು ಕೇಳ್ತಿರಲಿಲ್ಲ," ಎಂದಳು. "ಅದು ನನಗೆ ಗೊತ್ತುಂಟು."

ನಾನು ಒಲೆ ಬಿಟ್ಟು ಅವಳ ಕಡೆ ತಿರುಗಿದೆ.

"ಹಿಡಿ," ಎಂದಳು, "ಮನೆಯಲ್ಲೇ ಹಾಲು ಕುಡಿಸಿ ತಂದಿದ್ದೇನೆ. ಬೆನ್ನು ತಟ್ಟಿ ತೇಗು ಬರಿಸು, ನನಗೆ ಹೊತ್ತಾಯ್ತು."