ನಗದಿದ್ದರೆ ಕ್ಲಿಕ್ಕಿಲ್ಲ

ಜೂಮ್ ಕ್ಯಾಮೆರಾ ಕೊಂಡು ನೆರೆಯವರ ಪ್ರಾಣ ಹಿಂಡುವವನು ಬೀದಿಗೊಬ್ಬ ಇರುತ್ತಾನೆ. ಬಲ್ಗೇರಿಯದ ನಮ್ಮ ಬೀದಿಗೆ ಮೆತೋದಿಯಣ್ಣ. ಅಂಗೈಯಗಲದ ಆ ಡಬ್ಬಿ ಬಂದಾಗಿನಿಂದ ಯಾರಿಗೂ ನೆಮ್ಮದಿಯಿಲ್ಲ. ಅವನು ಮಹಡಿಯಲ್ಲಿ ನಿಂತು ಒತ್ತಿದರೆ ಅದರ ಮೂತಿ ಸರ್ರನೆ ಮುಂದೆ ಚಾಚಿ, ಎದುರಿನ ಅಂಗಳದಲ್ಲಿ ದೊಣ್ಣೆಮೆಣಸಿನಕಾಯಿ ಸುಡುವ ಗೇನಾ ಅಜ್ಜಿಯ ಮೂಗಿನ ನರಹುಲಿಯನ್ನೂ ಹಿಡಿದು ತರುತ್ತದೆ. "ಇದಕ್ಕೆ ಬುದ್ಧಿ ಇದೆ ಕಣಜ್ಜಿ, ನೀನು ನಕ್ರೆ ತಾನಾಗೇ ಫೋಟೊ ತೆಗೆಯುತ್ತೆ." ನಗದಿದ್ದರೆ ತೆಗೆಯುವುದಿಲ್ಲ, ಆ ಬುದ್ಧಿಯನ್ನು ಬಂದ್ ಮಾಡುವುದು ಅವನಿಗೆ ತಿಳಿಯದು. ಅಜ್ಜಿ ಇಕ್ಕಳ ಎತ್ತುತ್ತಾಳೆ. "ನಾನು ಸತ್ತ ಮೇಲೆ ಗೇಟಿಗೆ ಅಂಟಿಸೋ ಚೀಟಿಗೆ ತಾನೇ? ಅದರಲ್ಲೂ ಹಲ್ಲು ಕಿರೀಬೇಕೇನೋ?" ಸತ್ತವರ ಫೋಟೊ ಹಾಕಿದ ಚೀಟಿಯನ್ನು ಮನೆಯ ಗೇಟಿಗೆ ಅಂಟಿಸುವುದು ನಮ್ಮಲ್ಲಿ ವಾಡಿಕೆ. ಉಳಿದವರು ಬಾಗಿಲು ಹಾಕಿಕೊಳ್ಳುತ್ತಾರೆ, ಅವನ ಕ್ಯಾಮೆರಾಕ್ಕೆ ಬಿದ್ದವರ ಸಾವಿನ ಸರದಿ ಹತ್ತಿರ ಬಂತೆಂಬ ಭಯ. ಆದರೆ ಅವನ ಗೇಟಿನ ಚೀಟಿ ನೋಡಿದವರು ಅವನನ್ನು ಬೈಯಲಾರರು. ಹೆಂಡತಿ ಪೆನ್ಕಾ ತೀರಿಕೊಂಡಾಗ ಅವಳೊಬ್ಬಳದೇ ಚಿತ್ರ ಒಂದೂ ಸಿಗದೆ, ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ಹಿಗ್ಗಿಸಿದ ಮುಖ ಅದು. ಮಂಜು ಕವಿದಂತಿದೆ, ಕಣ್ಣೆಲ್ಲಿ ಬಾಯೆಲ್ಲಿ ತಿಳಿಯದು. ನಿನ್ನೆ ಅವನು ಕ್ಯಾಮೆರಾವನ್ನು ನನ್ನ ಕೈಗಿತ್ತು, ಕೋಟಿನ ಗುಂಡಿ ಹಾಕಿಕೊಂಡು ಆ ಚೀಟಿಯ ಪಕ್ಕದಲ್ಲೇ ನಿಂತ. "ನನ್ನದೂ ಒಂದು ಇರ್ಲಿ. ಮುಖ ಸರಿಯಾಗಿ ಕಾಣ್ಲಿ." ತುಟಿ ಅಗಲಿಸಿದ, ಹಲ್ಲು ತೋರಿಸಿದ, ಕತ್ತು ವಾರೆ ಮಾಡಿದ. ಬುದ್ಧಿವಂತ ಕ್ಯಾಮೆರಾ ಅದನ್ನು ನಗುವೆಂದು ಒಪ್ಪಲಿಲ್ಲ.