ಖಾತೆ ಬದಲಿಸುವ ಕಲೆ ಮತ್ತು ಚಿಗವ್ವನ ಹೆಬ್ಬೆರಳು

ಪ್ರತಿ ವರ್ಷ ಜೂನ್ ಒಂದರ ಬೆಳಿಗ್ಗೆ, ನಾನಿನ್ನೂ ಹಾಸಿಗೆ ಬಿಟ್ಟು ಏಳುವ ಮೊದಲೇ, ನಾಲ್ಕು ಬ್ಯಾಂಕುಗಳು ನನ್ನ ಹುಟ್ಟುಹಬ್ಬಕ್ಕೆ ಶುಭ ಕೋರುತ್ತವೆ. ನಾನು ಜೂನ್ ಒಂದರಂದು ಹುಟ್ಟಿದವನಲ್ಲ. ನಮ್ಮ ಕಡೆ ನನ್ನ ವಯಸ್ಸಿನ ಬಹಳ ಜನ ಶಾಲೆಗೆ ಹೆಸರು ಹಚ್ಚಿದ ದಿನ ಹೆಡ್‌ಮಾಸ್ತರರ ಲೇಖನಿಯಿಂದ ಹುಟ್ಟಿದವರು. ನಿಜವಾದ ದಿನವನ್ನು ಕೇಳಿದರೆ ಅವ್ವ ಜೋಳದ ಸುಗ್ಗಿ ಎನ್ನುತ್ತಿದ್ದಳು, ಅಪ್ಪ ಆ ವರ್ಷ ಜೋಳವನ್ನೇ ಬಿತ್ತಿರಲಿಲ್ಲ ಎನ್ನುತ್ತಿದ್ದ. ಹೀಗಾಗಿ ನನ್ನ ಬದುಕಿನ ಮೊಟ್ಟಮೊದಲ ಸಂಗತಿಯೇ ನಂಬಲರ್ಹವಲ್ಲ. ಮುಂದಿನದನ್ನು ನೀವೂ ಸ್ವಲ್ಪ ಎಚ್ಚರದಿಂದ ಓದುವುದು ಒಳ್ಳೆಯದು. ಈ ಸಲ ನಾಲ್ಕನೆಯ ಸಂದೇಶ ಟಣ್ ಎಂದಾಗ ಹೆಂಡತಿ ಅಡುಗೆಮನೆಯಿಂದಲೇ, "ಆತೇನ್ರಿ, ಇನ್ನೂ ಯಾರರ ಹಡಿಯೋರು ಉಳದಾರೇನು?" ಎಂದು ಕೇಳಿದಳು.

ನಾಲ್ಕು ಬ್ಯಾಂಕುಗಳು ಏಕೆ ಎಂಬುದಕ್ಕೆ ನನ್ನಲ್ಲಿ ನಾಚಿಕೆಯಿಲ್ಲದ ಉತ್ತರವಿದೆ. ಸಂಬಳದ ಖಾತೆಯನ್ನು ತಮ್ಮಲ್ಲಿಗೆ ತಂದವರಿಗೆ ಹೊಸ ಬ್ಯಾಂಕುಗಳು ಐನೂರು ರೂಪಾಯಿ ನಗದು ಉಡುಗೊರೆ ಕೊಡುತ್ತವೆ. ಕೊಡುವವರು ಇರುವಾಗ ಕೈ ಹಿಂದೆ ಕಟ್ಟಿ ನಿಲ್ಲುವುದು ಅವರಿಗೆ ಮಾಡುವ ಅವಮಾನ. ಆಳಂದದ ಕಾಲೇಜಿನಲ್ಲಿ ಪಾಠ ಹೇಳುವ ನಾನು ಮೊದಲ ಖಾತೆಯನ್ನು ಆಳಂದದಲ್ಲೇ ಬಿಟ್ಟು, ಅಫಜಲಪುರಕ್ಕೆ ವರ್ಗವಾದಾಗ ಅಲ್ಲೊಂದು ತೆರೆದೆ, ಜೇವರ್ಗಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗ ಬಿಡುವಿನ ಹೊತ್ತಿನಲ್ಲಿ ಇನ್ನೊಂದು ತೆರೆದೆ, ಮರಳಿ ಆಳಂದಕ್ಕೆ ಬಂದಾಗ ಮತ್ತೊಂದು. ನಮ್ಮ ಕಾಲೇಜಿನ ಗುಮಾಸ್ತರಂತೂ ಕೈಮುಗಿದು, "ಸರ್, ಇನ್ನ ಮ್ಯಾಲೆ ನಿಮ್ಮ ಖಾತೆ ನಂಬರ್ ಪೆನ್ಸಿಲಿನಾಗ ಬರಕೋತೇನ್ರಿ" ಎಂದುಬಿಟ್ಟರು.

ಇದು ನಮ್ಮ ಸೀಮೆಯ ಗುಣಕ್ಕೆ ವಿರುದ್ಧವಾದ ನಡೆ ಎಂಬುದನ್ನು ಒಪ್ಪುತ್ತೇನೆ. ಇಲ್ಲಿ ಅಪ್ಪ ಯಾವ ಅಡತಿ ದಲ್ಲಾಳಿಯ ಅಂಗಡಿಗೆ ತೊಗರಿ ಹಾಕಿದನೋ ಮಗನೂ ಅಲ್ಲಿಗೇ ಹಾಕುತ್ತಾನೆ. ಪಕ್ಕದ ಅಂಗಡಿಯವನು ದರ ಹೆಚ್ಚು ಹೇಳಿದರೆ ಇವನಿಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚು. ಅಂಥ ಜನರ ನಡುವೆ ಖಾತೆ ಬದಲಿಸುವವನು ಕುಲಗೆಟ್ಟವನ ಹಾಗೆ ಕಾಣುವುದು ಸಹಜ. ಅದಕ್ಕೇ ಜೇವರ್ಗಿಯ ಬ್ಯಾಂಕಿನಲ್ಲಿ, ಹಿಂದಿನದನ್ನು ಯಾಕೆ ಬಿಡುತ್ತೀರಿ ಎಂದು ಕೇಳಿಯೇ ಕೇಳುತ್ತಾರೆಂದು ಊಹಿಸಿ, ಸೇವೆಯ ಗುಣಮಟ್ಟ, ಗ್ರಾಹಕನ ಘನತೆ, ಆಧುನಿಕತೆ ಎಂದೆಲ್ಲ ಒಂದು ಪುಟ್ಟ ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಆ ಅಧಿಕಾರಿ, "ಸರ್, ಕಾರಣ ಬ್ಯಾಡ್ರಿ, ಆಧಾರ್ ಕೊಡ್ರಿ" ಎಂದ. ಅಥವಾ ಇದು ಅಫಜಲಪುರದಲ್ಲಿ ನಡೆದದ್ದು ಇರಬಹುದು. ಹಾಗೆಂದು ಹೆಂಡತಿ ವಾದಿಸುತ್ತಾಳೆ, ಆದರೆ ಅವಳು ಎರಡೂ ಕಡೆ ಇರಲಿಲ್ಲ. ನಾನು ಎರಡೂ ಕಡೆ ಇದ್ದವನು. ಅದರಿಂದ ನೆನಪು ಹೆಚ್ಚು ಸ್ಪಷ್ಟವಾಗಬೇಕೆಂದೇನೂ ಇಲ್ಲ.

ಎಲ್ಲಿಯದಾದರೂ ಸರಿ, ಆ ಪುಕ್ಕಟೆ ಐನೂರು ರೂಪಾಯಿಯ ಸುಖವೇ ಬೇರೆ. ಸಂಬಳದ ಹಣಕ್ಕೆ ಬರುವ ಮೊದಲೇ ವಾರಸುದಾರರಿರುತ್ತಾರೆ. ಈ ಹಣ ಮಾತ್ರ ಅನಾಥ ಶಿಶುವಿನಂತೆ ಬಂದು, ನೀನು ಹೇಳಿದಂತೆ ಕೇಳುತ್ತೇನೆ ಎಂದು ನಿಲ್ಲುತ್ತದೆ. ಒಮ್ಮೆ ಅದು ಮಿರ್ಚಿ ಭಜಿಯಾಯಿತು, ಒಮ್ಮೆ ಹೆಂಡತಿಯ ಚಪ್ಪಲಿಯಾಯಿತು. ಇಂಥ ಸುಖವನ್ನು ಒಬ್ಬನೇ ಉಣ್ಣಬಾರದೆಂಬ ಉದಾರ ಬುದ್ಧಿ ನನಗೆ ಬಂದದ್ದೇ ಈ ಪ್ರಬಂಧಕ್ಕೆ ಕಾರಣ. ಒಬ್ಬರನ್ನು ಕರೆತಂದರೆ ಕರೆತಂದವನಿಗೂ ಅಷ್ಟೇ ಉಡುಗೊರೆ ಎಂಬ ನಿಯಮ ನನ್ನ ಔದಾರ್ಯಕ್ಕೆ ಒಂದಿಷ್ಟು ಒತ್ತಾಸೆಯಾಗಿ ನಿಂತಿತು ಎಂಬುದನ್ನು ಮುಚ್ಚಿಡುವುದಿಲ್ಲ.

ನಾನು ಆರಿಸಿಕೊಂಡದ್ದು ನನ್ನ ಚಿಗವ್ವನನ್ನು. ಅವಳು ಕಿಣ್ಣಿ ಸುಲ್ತಾನದಲ್ಲಿ ಮಗ ಶರಣು, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆಗಳ ತುಂಬಿದ ಮನೆಯಲ್ಲಿರುವವಳು. ಶಾಲಾ ಮಾಸ್ತರನಾಗಿದ್ದ ಕಾಕಾ ತೀರಿಕೊಂಡ ಮೇಲೆ ಪಿಂಚಣಿ ಅವಳ ಹೆಸರಿಗೆ ಬರುತ್ತದೆ. ಅದನ್ನು ಬಿಡಿಸಿಕೊಳ್ಳಲು ತಿಂಗಳಿಗೊಮ್ಮೆ ಬಸ್ಸು ಹತ್ತಿ ಆಳಂದದ ಹಳೆಯ ಬ್ಯಾಂಕಿಗೆ ಬರುತ್ತಾಳೆ. ಬೆಳಿಗ್ಗೆ ಬಂದವಳು ಮರಳುವುದು ಸಂಜೆಗೆ. ಹೊಸ ಬ್ಯಾಂಕಿನಲ್ಲಿ ಈ ತಾಪತ್ರಯವೇ ಇಲ್ಲ. ಅವರ ಹುಡುಗನೊಬ್ಬ ಮೋಟಾರು ಸೈಕಲ್ಲಿನ ಮೇಲೆ ಹಣವನ್ನು ಮನೆ ಬಾಗಿಲಿಗೇ ತರುತ್ತಾನೆ. ಅವನ ಕೈಯಲ್ಲಿರುವ ಪುಟ್ಟ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಸಾಕು. ಇದನ್ನು ಹೇಳಿದಾಗ ಶರಣು, "ಅಣ್ಣಾ, ಪುಣ್ಯಾ ಕಟಗೊಂಡಿ ನೋಡು. ಅವ್ವನ ಮೊಣಕಾಲ ಪೂರಾ ಹೋಗ್ಯಾವ" ಎಂದ. ಚಿಗವ್ವ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಅಲ್ಲಿ ಪಾಳಿ ಇರಂಗಿಲ್ಲೇನು?" ಎಂದು ಕೇಳಿದಳು. ಪಾಳಿಯೂ ಇಲ್ಲ, ಬಿಸಿಲೂ ಇಲ್ಲ, ಕಾಯುವುದೂ ಇಲ್ಲ ಎಂದೆ ನಾನು. "ಹೌದೇನು" ಎಂದು ಅವಳು ಅಕ್ಕಿ ಆರಿಸುತ್ತಲೇ ಇದ್ದಳು. ಅವಳ ಮುಖದಲ್ಲಿ ಆಗ ಏನು ಕಂಡಿತು ಎಂದು ಈಗ ಒಂದು ಸಾಲು ಬರೆಯಬಹುದಿತ್ತು. ನಿಜವೆಂದರೆ ನಾನು ಅವಳ ಮುಖ ನೋಡಲಿಲ್ಲ. ಫೋನಿನಲ್ಲಿ ಬ್ಯಾಂಕಿನ ನಿಯಮಗಳನ್ನು ನೋಡುತ್ತಿದ್ದೆ.

ಮುಂದಿನ ತಿಂಗಳು ಹಳೆಯ ಬ್ಯಾಂಕಿನ ಕೊನೆಯ ಪಿಂಚಣಿ ತೆಗೆದುಕೊಂಡು, ಅಲ್ಲಿಂದ ಹೊಸ ಬ್ಯಾಂಕಿಗೆ ಹೋಗಿ ಹೆಬ್ಬೆರಳು ಕೊಡುವುದೆಂದು ನಿಶ್ಚಯವಾಯಿತು. ಆ ದಿನ ಅವಳು ಮೊದಲ ಬಸ್ಸಿಗೇ ಬಂದಿದ್ದಳೆಂದು ಶರಣು ಫೋನಿನಲ್ಲಿ ಹೇಳಿದ್ದರಿಂದ, ಇಷ್ಟೊತ್ತಿಗೆ ಮುಗಿದಿರುತ್ತದೆಂದು ಎಣಿಸಿ ನಾನು ನನ್ನ ತರಗತಿ ಮುಗಿಸಿಕೊಂಡು ಹೋದೆ.

ಹಳೆಯ ಬ್ಯಾಂಕಿನ ಪಾಳಿಯನ್ನು ನೀವು ನೋಡಿಲ್ಲವಾದರೆ ಹೇಳಬೇಕು. ಅಲ್ಲಿ ಜನ ನಿಲ್ಲುವುದಿಲ್ಲ, ಚಪ್ಪಲಿಗಳು ನಿಲ್ಲುತ್ತವೆ. ಬಂದವರು ಬಂದ ಕ್ರಮದಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹೋಗಿ ಎದುರಿನ ಬೇವಿನ ಗಿಡದ ನೆರಳಿನಲ್ಲಿ ಕೂಡುತ್ತಾರೆ. ಕಾವಲುಗಾರ ಆಗಾಗ "ಈ ಹಸರ ಪಟ್ಟಿ ಚಪ್ಪಲ ಯಾರ್ದ್ರಿ, ಮುಂದ ಸರಸ್ರಿ" ಎಂದು ಕೂಗುತ್ತಾನೆ. ಯಾರೋ ಬಂದು ಕಾಲಿನಿಂದಲೇ ಸರಿಸಿ ಹೋಗುತ್ತಾರೆ. ಮನುಷ್ಯರು ಪಾಳಿ ಮುರಿಯಬಲ್ಲರು, ಆದರೆ ಚಪ್ಪಲಿಗಳು ಬಹಳ ನಿಯತ್ತಿನ ಜೀವಿಗಳು ಎಂಬುದು ಇಲ್ಲಿಯ ಜನರ ನಂಬಿಕೆ.

ಮೊದಲ ಬಸ್ಸಿಗೆ ಬಂದ ಚಿಗವ್ವನ ಚಪ್ಪಲಿ ಎಲ್ಲಕ್ಕಿಂತ ಹಿಂದೆ ಇತ್ತು. ಅದರ ಪಕ್ಕದಲ್ಲಿ, ಅಂಟಿಕೊಂಡಂತೆ, ಇನ್ನೊಂದು ಜೊತೆ. ಯಾರೋ ಮೋಸ ಮಾಡಿ ಹಿಂದೆ ತಳ್ಳಿದ್ದಾರೆಂದು ನನಗೆ ಸಿಟ್ಟು ಬಂದು, ಕಾವಲುಗಾರನನ್ನು ತರಾಟೆಗೆ ತೆಗೆದುಕೊಳ್ಳಲು ಹೊರಟೆ. ಅಷ್ಟರಲ್ಲಿ ಒಬ್ಬ ಮುದುಕ ಬಂದು ತನ್ನ ಜೋಡು ಬಿಟ್ಟ. ಗಿಡದ ಕೆಳಗಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದು, ಆ ಎರಡು ಜೊತೆ ಚಪ್ಪಲಿಗಳನ್ನು ಬೆರಳಿನಿಂದ ಎತ್ತಿ, ಮುದುಕನ ಜೋಡಿನ ಹಿಂದೆ ಇಟ್ಟು, ಮತ್ತೆ ಹೋಗಿ ಚಿಗವ್ವನ ಪಕ್ಕ ಕೂತಳು. ಮುದುಕ ಇದು ಗೊತ್ತಿದ್ದ ಸಂಗತಿಯೇ ಎಂಬಂತೆ ನೋಡಲೂ ಇಲ್ಲ. ಕಾವಲುಗಾರ ನನ್ನ ಮುಖ ನೋಡಿ ನಕ್ಕ. "ಅವರಿಬ್ಬರೂ ಕೀಲಿ ತೆಗಿಯೂಕಿಂತ ಮೊದ್ಲೇ ಬರ್ತಾರ್ರಿ ಸರ್. ಹೋಗೂದ ಮಾತ್ರ ಎಲ್ಲಾರಿಗಿಂತ ಹಿಂದ. ನಾನೂ ಹೇಳಿ ಹೇಳಿ ಸಾಕಾಗಿ ಬಿಟ್ಟೇನಿ."

ಆ ಹೆಣ್ಣುಮಗಳು ರಾಬಿಯಾ ಬೀ. ಕಾಕಾ ಮಾದನಹಿಪ್ಪರಗಾದ ಶಾಲೆಯಲ್ಲಿದ್ದಾಗ ಅವಳ ಗಂಡ ಅದೇ ಶಾಲೆಯ ಜವಾನ. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ. ಕಾಕಾ ಊರಿಗೆ ಮರಳಿದ ಮೇಲೆ ಗೆಳತಿಯರು ಬೇರೆಯಾದರು. ಇಬ್ಬರಿಗೂ ಪಿಂಚಣಿ ಬರತೊಡಗಿದ ಮೇಲೆ ಈ ಬೇವಿನ ಗಿಡದ ಕೆಳಗೆ ಮತ್ತೆ ಸಿಕ್ಕರು. ನಾನು ಹೋದಾಗ ನಡುವೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಹರಡಿಕೊಂಡು, ರಾಬಿಯಾ ಬೀಯ ಸೊಸೆಯ ವಿಚಾರಣೆ ನಡೆಸಿದ್ದರು.

"ಬಂದ ನೋಡು ನಿನ್ನ ಬ್ಯಾಂಕಿನ ಅಳಿಯ" ಎಂದಳು ರಾಬಿಯಾ ಬೀ ನನ್ನನ್ನು ಕಂಡು. "ಬರ್ರಿ ಸಾಹೇಬ್ರ, ರೊಟ್ಟಿ ತಿನ್ರಿ. ಇಕಿನ್ನ ನಮ್ಮ ಕಡಿಂದ ಕಸಗೊಂಡು ಒಯ್ಯಾಕ ಬಂದೀರಿ ಅಂತಲ್ಲ?"

"ಸುಮ್ಮನಿರು ಬೇ. ಹುಡುಗ ಚಲೋಕ್ಕ ಮಾಡಾಕತ್ಯಾನ" ಎಂದಳು ಚಿಗವ್ವ. "ಇನ್ನ ಮನೀಗೇ ತಂದು ಕೊಡ್ತಾರಂತ. ಒಂದ ಬೆರಳ ಒತ್ತಿದ್ರ ಆತಂತ."

"ಚಲೋ ಆತ ಬಿಡು, ನಿನ್ನ ಮೊಣಕಾಲರ ಉಳೀತಾವ" ಎಂದು ರಾಬಿಯಾ ಬೀ ಒಂದು ತುಂಡು ರೊಟ್ಟಿ ಮುರಿದಳು. ಆಮೇಲೆ ನನ್ನ ಕಡೆ ತಿರುಗದೆ ಚಿಗವ್ವನಿಗೇ ಹೇಳಿದಳು: "ಆ ಹುಡುಗ ರೊಕ್ಕದ ಜೋಡಿ ನನ್ನೂ ಗಾಡಿ ಮ್ಯಾಲೆ ತಂದು ಇಳಸ್ತಾನೇನು, ಕೇಳು."

ಇಬ್ಬರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ, ಹಾಗಾದರೆ ನೀನೇ ಒಮ್ಮೆ ಮಾದನಹಿಪ್ಪರಗಾಕ್ಕೆ ಹೋಗಿ ಬಾ ಚಿಗವ್ವ, ಬಸ್ಸು ಇದ್ದೇ ಇದೆಯಲ್ಲ ಎಂದೆ. ವಿದ್ಯಾವಂತನ ಸಲಹೆಗಳು ಯಾವಾಗಲೂ ಹೀಗೆ ನೇರವಾಗಿ, ಸರಳವಾಗಿ ಇರುತ್ತವೆ.

"ಹ್ಯಾಂಗ ಹೋಗ್ಲೋ?" ಎಂದಳು ಚಿಗವ್ವ. "ಪಿಂಚಣಿಗೆ ಹೊಂಟೇನಿ ಅಂದ್ರ ಮನ್ಯಾಗ ಯಾರೂ ಯಾಕ ಅನ್ನಂಗಿಲ್ಲ. ಸೊಸಿನೇ ಬುತ್ತಿ ಕಟ್ಟಿ ಕಳಸ್ತಾಳ. ರಾಬೀನ ನೋಡಾಕ ಹೊಂಟೇನಿ ಅಂದ್ರ, ಯಾಕ, ಏನಾಗ್ಯಾದ, ಫೋನ್ ಹಚ್ಚಿ ಕೊಡ್ತೀನಿ ಮಾತಾಡು ಅಂತಾರ."

ನಾನು ರೊಟ್ಟಿ ತಿಂದೆ. ಆ ಹೊತ್ತಿನಲ್ಲಿ ನನಗೆ ಜ್ಞಾನೋದಯವಾಯಿತೆಂದು ಬರೆದರೆ ಪ್ರಬಂಧಕ್ಕೆ ಚೆಂದ, ಆದರೆ ಬೇವಿನ ಗಿಡದ ಕೆಳಗೆ ಅಂಥದ್ದು ಆದ ನೆನಪು ನನಗಿಲ್ಲ. ನನಗಾದದ್ದು ಲೆಕ್ಕದ ಗೊಂದಲ. ಮೂರು ಸಲ ಖಾತೆ ಬದಲಿಸಿದ ನಾನು ಪ್ರತಿ ಸಲವೂ ಹೊಸ ಬ್ಯಾಂಕು ಏನು ಕೊಡುತ್ತದೆಂದು ನೋಡಿದ್ದೆ, ಹಳೆಯದು ಏನು ಕೊಡುತ್ತಿತ್ತೆಂದು ಒಮ್ಮೆಯೂ ನೋಡಿರಲಿಲ್ಲ. ನನಗೆ ಯಾವ ಬ್ಯಾಂಕಿನ ಎದುರೂ ಯಾರೂ ರೊಟ್ಟಿ ಹಿಡಿದು ಕಾಯುತ್ತಿರಲಿಲ್ಲವಾದ್ದರಿಂದ ನೋಡುವ ಅಗತ್ಯವೂ ಬಿದ್ದಿರಲಿಲ್ಲ. ನನ್ನ ಮಟ್ಟಿಗೆ ನನ್ನ ಶಾಸ್ತ್ರ ಸರಿಯಾಗಿಯೇ ಇತ್ತು, ಈಗಲೂ ಇದೆ; ಇವಳಿಗೆ ಮಾತ್ರ ಅನ್ವಯಿಸುತ್ತಿರಲಿಲ್ಲ. ಹಳೆಯ ಬ್ಯಾಂಕಿನ ನಿಧಾನವನ್ನು ನಾನು ಸೇವೆಯ ದೋಷ ಎಂದುಕೊಂಡಿದ್ದೆ. ಅವಳು ಅದನ್ನೇ ಪಡೆಯಲು ಮೊದಲ ಬಸ್ಸು ಹಿಡಿದು ಬರುತ್ತಿದ್ದಳು.

ಆದರೂ ಪಿಂಚಣಿ ಬಿಡಿಸಿಕೊಂಡ ಮೇಲೆ ಹೊಸ ಬ್ಯಾಂಕಿಗೆ ಹೋದೆವು. ಮನೆಯಲ್ಲಿ ನಿಶ್ಚಯವಾದದ್ದನ್ನು ದಾರಿಯಲ್ಲಿ ಮುರಿಯುವುದು ಅವಳಿಗೂ ಗೊತ್ತಿರಲಿಲ್ಲ, ನನಗೂ ತಿಳಿಯಲಿಲ್ಲ. ರಾಬಿಯಾ ಬೀ ರಸ್ತೆಯ ತಿರುವಿನ ತನಕ ಬಂದು, ಚಿಗವ್ವನ ಸೆರಗಿಗೆ ಅಂಟಿದ್ದ ಬೇವಿನ ಎಲೆ ತೆಗೆದು, ನಿಂತಳು.

ಹೊಸ ಬ್ಯಾಂಕಿನಲ್ಲಿ ತಂಪು ಗಾಳಿ, ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿ. ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ನಮ್ಮ ಪಾಳಿ ಬಂದೇಬಿಟ್ಟಿತು. ನಯವಾಗಿ ಮಾತಾಡುವ ಹುಡುಗಿಯೊಬ್ಬಳು ಯಂತ್ರವನ್ನು ಮುಂದಿಟ್ಟು, "ಬೆರಳ ಇಡ್ರಿ ಅಮ್ಮಾ" ಎಂದಳು. ಚಿಗವ್ವ ಇಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು. ಕೆಂಪು ದೀಪ. ಎಡಗೈಯ ಹೆಬ್ಬೆರಳು, ತೋರು ಬೆರಳು, ಎಲ್ಲ ಸರದಿಯೂ ಮುಗಿಯಿತು. ಅರವತ್ತು ದಾಟಿದವರ, ರೊಟ್ಟಿ ಬಡಿದು ಕಳೆ ಕಿತ್ತು ಸವೆದ ಬೆರಳುಗಳನ್ನು ಈ ಯಂತ್ರಗಳು ಗುರುತಿಸುವುದು ಕಷ್ಟ. ಇದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕೆ ಉಪಾಯವೂ ಎಲ್ಲರಿಗೂ ಗೊತ್ತು. ಬೆರಳನ್ನು ಹಣೆಗೋ ಕೂದಲಿಗೋ ಒಂದಿಷ್ಟು ತಿಕ್ಕಿ, ಆ ಜಿಡ್ಡಿನೊಂದಿಗೆ ನೇರವಾಗಿ ಒತ್ತಿ ಹಿಡಿದರೆ ಹಸಿರು ದೀಪ ಬರುತ್ತದೆ. ಚಿಗವ್ವ ಬೆರಳನ್ನು ತುಸು ಓರೆಯಾಗಿ, ಕಾದ ಹಂಚಿಗೆ ತಾಗಿಸಿದಂತೆ ಇಡುತ್ತಿದ್ದಳು. ಬೇಕೆಂದೇ ಹಾಗೆ ಇಟ್ಟಳೆಂದು ಕೆಲವು ದಿನ ನೆನಪಾಗುತ್ತದೆ, ಬೆರಳಿನ ಸಂದು ಹಿಡಿದಿತ್ತೆಂದು ಕೆಲವು ದಿನ. ನಾನು ಎರಡನ್ನೂ ಹೊಡೆದು ಹಾಕದೆ ಬಿಟ್ಟಿದ್ದೇನೆ. ಖಚಿತವಾಗಿ ಗೊತ್ತಿರುವುದು ನನ್ನ ಭಾಗ ಮಾತ್ರ: ಆ ಹಣೆಯ ಉಪಾಯ ನನ್ನ ನಾಲಿಗೆಯ ತುದಿಯಲ್ಲಿತ್ತು, ನಾನು ಅದನ್ನು ನುಂಗಿದೆ. ಜೊತೆಗೆ ನನ್ನ ಐನೂರನ್ನೂ.

"ಪೇಪರ್ ಮ್ಯಾಲೆ ಸಹಿ ತಗೊಂಡು ಮಾಡಬಹುದ್ರಿ ಸರ್" ಎಂದಳು ಹುಡುಗಿ. ಆದರೆ ಮನೆಗೆ ಬರುವವನ ಯಂತ್ರವೂ ಬೆರಳನ್ನೇ ಕೇಳುತ್ತದಲ್ಲ ಎಂದು ನಾನು ಗಂಭೀರವಾಗಿ ನೆನಪಿಸಿದೆ. ಅವಳು ಹೌದೆಂದು ಒಪ್ಪಿ, ಚಿಗವ್ವನ ಕಡೆ ಮರುಕದಿಂದ ನೋಡಿದಳು. ಖಾತೆ ಬದಲಿಸುವುದರಲ್ಲಿ ಆಳಂದದಿಂದ ಜೇವರ್ಗಿಯ ತನಕ ಹೆಸರು ಮಾಡಿದ ನಾನು, ಬದಲಿಸದೆ ಇರುವುದರಲ್ಲೂ ಇಷ್ಟು ಸಲೀಸಾಗಿ ಗೆಲ್ಲುತ್ತೇನೆಂದು ಎಣಿಸಿರಲಿಲ್ಲ.

ಹೊರಗೆ ಬಂದು ಶರಣುವಿಗೆ ಫೋನು ಮಾಡಿದೆ. ಬೆರಳು ಹತ್ತಲಿಲ್ಲ, ಎಲ್ಲ ಬೆರಳೂ ನೋಡಿದೆವು, ಆಗಲಿಲ್ಲ ಎಂದೆ.

"ಅಯ್ಯ, ಹಂಗಾದ್ರ ಪಾಪ, ಅವ್ವ ತಿಂಗಳ ತಿಂಗಳ ಆಳಂದಕ್ಕ ಬರಬೇಕೇನಣ್ಣಾ?"

ಬರಬೇಕು, ಬೇರೆ ದಾರಿಯೇ ಇಲ್ಲ ಎಂದೆ. ಚಿಗವ್ವ ನನ್ನ ಪಕ್ಕದಲ್ಲಿ, ಬೇವಿನ ಗಿಡದ ದಿಕ್ಕಿಗೆ ಮುಖ ಮಾಡಿ ನಿಂತಿದ್ದವಳು, ನನ್ನ ಅಂಗಿಯ ತೋಳು ಹಿಡಿದು ಮೆಲ್ಲಗೆ ಜಗ್ಗಿದಳು.

"ಪಾಳಿಗೆ ಭಾಳ ಹೊತ್ತ ಹಿಡೀತದ ಅಂತನೂ ಹೇಳೋ."